ಮಡಚಿಡುವ ನಾಗಂದಿಗೆ

ನಮ್ಮ ಹಿರಿಯರ ಮನೆಗಳಲ್ಲಿ ಸಾಮಾನು ಇಡುವುದಕ್ಕೆಂದು ಬೇರೆ ಸಾಮಾನು ಇರುತ್ತಿದ್ದುದು ಕಡಿಮೆ. ಮನೆಯೇ ಆ ಕೆಲಸವನ್ನು ಮಾಡುತ್ತಿತ್ತು. ಗೋಡೆಯ ದಪ್ಪದಲ್ಲಿ ಗೂಡು. ಗೋಡೆಗೆ ಹೊಡೆದ ಎರಡು ಗೂಟಗಳ ಮೇಲೆ ಹಲಗೆ ಹಾಸಿದರೆ ನಾಗಂದಿಗೆ. ತೊಲೆಯಿಂದ ಇಳಿಬಿಟ್ಟರೆ ನೆಲವು. ತಲೆಯ ಮೇಲೆ ಅಟ್ಟ. ಮೂಲೆಯಿಂದ ಮೂಲೆಗೆ ಬಟ್ಟೆಯ ಗಳು. ಹಾಲು ಮೊಸರು ಬೆಕ್ಕಿಗೆ ಎಟುಕದೆ ನೆಲವಿನಲ್ಲಿ ತೂಗುತ್ತಿದ್ದವು. ಹುಣಿಸೆಹಣ್ಣು, ಬೆಲ್ಲ, ಹಳೆಯ ಪಂಚಾಂಗಗಳು ಅಟ್ಟವನ್ನು ಸೇರುತ್ತಿದ್ದವು. ಆ ಏರ್ಪಾಡಿನಲ್ಲಿ ಒಂದೇ ಒಂದು ಷರತ್ತು ಅಡಗಿತ್ತು: ಆ ಮನೆಯವರು ಆ ಮನೆಯನ್ನು ಬಿಟ್ಟು ಹೋಗತಕ್ಕವರಲ್ಲ.

ಈಗಿನ ನಮ್ಮ ಸಂಗತಿ ಬೇರೆ. ಬಾಡಿಗೆಯ ಮನೆಗೆ ಹೋದ ದಿನವೇ ಮನೆಯ ಯಜಮಾನರು ಮುಂಗಡ ಹಣ ಎಣಿಸಿಕೊಳ್ಳುತ್ತ, "ಗೋಡೆಗೆ ಮಾತ್ರ ಮೊಳೆ ಹೊಡೆಯಬೇಡಿ" ಎನ್ನುತ್ತಾರೆ. ನಾನು ಪ್ರೌಢಶಾಲೆಯ ಕನ್ನಡ ಪಂಡಿತ. ಇಪ್ಪತ್ತೆಂಟು ವರ್ಷಗಳ ನೌಕರಿಯಲ್ಲಿ ಆರು ಊರು, ಒಂಬತ್ತು ಮನೆ ಕಂಡಿದ್ದೇನೆ. ಒಂಬತ್ತು ಮನೆಗಳಲ್ಲಿಯೂ ಈ ವಾಕ್ಯವನ್ನು ಕೇಳಿದ್ದೇನೆ. ಪುಸ್ತಕಗಳ ಸಂಗತಿ ಹಾಗಿರಲಿ, ಅಕ್ಕಿಯ ಡಬ್ಬ, ಎಣ್ಣೆಯ ಕ್ಯಾನು, ಉಪ್ಪಿನಕಾಯಿಯ ಭರಣಿ, ದೇವರ ಪಾತ್ರೆ, ಔಷಧದ ಸೀಸೆಗಳು ಇವೆಲ್ಲ ಎಲ್ಲಿ ನಿಲ್ಲಬೇಕು? ಮೊದಲ ತಿಂಗಳು ನೆಲದ ಮೇಲೆ, ಎರಡನೆಯ ತಿಂಗಳು ಕಿಟಕಿಯ ಮೇಲೆ, ಮೂರನೆಯ ತಿಂಗಳು ನಾನು ಓದುವ ಮೇಜಿನ ಮೇಲೆ.

ಪೇಟೆಯಲ್ಲಿ ಸಿಕ್ಕುವ ಕಬ್ಬಿಣದ ರ್‍ಯಾಕುಗಳನ್ನು ನಾನು ಬಲ್ಲೆ. ಬಿಚ್ಚಿ ಜೋಡಿಸಬಹುದು, ನಿಜ. ಆದರೆ ಬಿಚ್ಚಿದ ನಟ್ಟು ಬೋಲ್ಟುಗಳ ಪೊಟ್ಟಣ ಹೊಸ ಊರನ್ನು ಸೇರಿದ ಉದಾಹರಣೆ ನಮ್ಮ ಮನೆಯಲ್ಲಿಲ್ಲ. ಮರದ ಹೊಟ್ಟನ್ನು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆಯವು ನೋಡಲು ಚೆಂದ. ಒಂದೇ ರಂಧ್ರಕ್ಕೆ ತಿರುಪುಮೊಳೆಯನ್ನು ಎರಡು ಮೂರು ಬಾರಿ ಹಾಕಿ ತೆಗೆದರೆ ರಂಧ್ರ ಪುಡಿಯಾಗಿ ಮೊಳೆ ಸುಮ್ಮನೆ ಸುತ್ತತೊಡಗುತ್ತದೆ. ಅವು ಒಮ್ಮೆ ನಿಂತು ಅಲ್ಲಿಯೇ ಇರುವುದಕ್ಕೆ ಮಾಡಿದ ವಸ್ತುಗಳು. ನಮಗೆ ಬೇಕಾದುದು ಪುಸ್ತಕವನ್ನು ಮುಚ್ಚಿದಂತೆ ಮುಚ್ಚಿ, ಲಾರಿಯ ಒಂದು ಬದಿಗೆ ಒರಗಿಸಿ, ಹೊಸ ಮನೆಯಲ್ಲಿ ಮತ್ತೆ ಪುಸ್ತಕದಂತೆಯೇ ತೆರೆಯಬಹುದಾದ ನಾಗಂದಿಗೆ. ಅಂಥದನ್ನು ನಾನು ಎರಡು ಸಲ ಮಾಡಿಸಿದೆ. ಮೊದಲನೆಯದರ ಕಥೆಯನ್ನು ಮೊದಲು ಹೇಳುತ್ತೇನೆ. ಎರಡನೆಯದು ಏಕೆ ಹಾಗಿದೆ ಎಂಬುದು ಅದರಿಂದಲೇ ತಿಳಿಯಬೇಕು.

ಅದು ತಿಪಟೂರಿನಲ್ಲಿದ್ದಾಗ. ಎಡಕ್ಕೊಂದು ಬಲಕ್ಕೊಂದು ಏಣಿಯಂಥ ಚೌಕಟ್ಟು. ನಡುವೆ ನಾಲ್ಕು ಹಲಗೆಗಳು. ಪ್ರತಿಯೊಂದು ಹಲಗೆಯ ಎರಡು ತುದಿಗೂ ಬಿಜಾಗರಿ. ಬಲಗಡೆಯ ಚೌಕಟ್ಟನ್ನು ಎತ್ತಿ ಎಡಕ್ಕೆ ತಂದರೆ ಹಲಗೆಗಳೆಲ್ಲ ಒಟ್ಟಿಗೆ ಮೇಲಕ್ಕೆ ತಿರುಗಿ ಇಡೀ ವಸ್ತು ಒಂದು ಕಟ್ಟಿನಂತಾಗುತ್ತಿತ್ತು. ಕಾಗದದ ಮೇಲೆ ಬರೆದು ತೋರಿಸಿದಾಗ ನನಗೆ ಬಹಳ ಹೆಮ್ಮೆಯಾಯಿತು. ಆಚಾರಿ ಅದನ್ನು ನೋಡಿ, "ಸ್ವಾಮಿ, ಇದು ಮಡಚೋದೇನೋ ಚೆನ್ನಾಗಿ ಮಡಚುತ್ತೆ, ನಿಲ್ಲೋದು ಹೆಂಗೆ?" ಎಂದು ಕೇಳಿದ. ಹಿಂಬದಿಯಲ್ಲಿ ಮೇಲಿನ ಎಡ ಮೂಲೆಯಿಂದ ಕೆಳಗಿನ ಬಲ ಮೂಲೆಗೆ ಒಂದು ಕಬ್ಬಿಣದ ಸರಳು ಹಾಕಿ, ಅದರ ತುದಿಯ ಕೊಂಡಿಯನ್ನು ಒಂದು ಬಳೆಗೆ ಸಿಕ್ಕಿಸಿದರಾಯಿತು ಎಂದೆ. ಅವನು ತಲೆ ತುರಿಸಿಕೊಂಡು ಹೇಳಿದಂತೆ ಮಾಡಿಕೊಟ್ಟ.

ಎಂಟು ತಿಂಗಳು ಅದು ನಿಂತಿತ್ತು. ಆ ಕೋಣೆಯಲ್ಲಿ, ಅದರ ಮಗ್ಗುಲಲ್ಲೇ, ನಮ್ಮ ತಾಯಿ ಮಲಗುತ್ತಿದ್ದರು. ಸೆಕೆ ಹೆಚ್ಚಾಗಿದ್ದ ಒಂದು ರಾತ್ರಿ ಅವರು ಚಾಪೆಯನ್ನು ತೆಗೆದುಕೊಂಡು ನಡುಮನೆಗೆ ಬಂದಿದ್ದರು. ಬೆಳಗಿನ ಜಾವ ಒಂದು ಸದ್ದಾಯಿತು. ಎದ್ದು ಹೋಗಿ ದೀಪ ಹಾಕಿದರೆ, ರ್‍ಯಾಕು ತಾನಾಗಿಯೇ ಮಡಚಿಕೊಂಡು, ನಾನು ಕಾಗದದ ಮೇಲೆ ಬರೆದಿದ್ದ ರೀತಿಯಲ್ಲಿಯೇ ಒಂದು ಕಟ್ಟಾಗಿ, ತಾಯಿ ದಿನವೂ ಮಲಗುವ ಜಾಗದ ಮೇಲೆ ಮಲಗಿತ್ತು. ಕೊಂಡಿ ನೆಟ್ಟಗಿತ್ತು, ಬಳೆಯ ತಿರುಪು ಮಾತ್ರ ದಿನಕ್ಕಿಷ್ಟರಂತೆ ಮರದಿಂದ ಹೊರಕ್ಕೆ ಜಾರಿ ಅಂದು ಪೂರ್ತಿ ಕಳಚಿತ್ತು. ತಾಯಿ ತವರಿನಿಂದ ತಂದಿದ್ದ ಮಾವಿನಕಾಯಿಯ ಭರಣಿ ನಾಲ್ಕು ಹೋಳಾಗಿತ್ತು. ಅವರು ಏನೂ ಹೇಳಲಿಲ್ಲ. ಒಂದು ಮೊರವನ್ನು ತಂದು ಹೋಳುಗಳನ್ನು ಒಂದೊಂದಾಗಿ ಆರಿಸಿ ಅದರಲ್ಲಿಟ್ಟರು. ಅವರು ಬೈದಿದ್ದರೆ ನನಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ.

ಮರುದಿನ ನಾನು ಶಾಲೆಯಲ್ಲಿ ಗಣಿತದ ಮೇಷ್ಟರ ಬಳಿ ಕುಳಿತೆ. ಅವರು ತೆಂಗಿನ ಪೊರಕೆಯಿಂದ ಒಂದಷ್ಟು ಕಡ್ಡಿಗಳನ್ನು ಹಿರಿದುಕೊಂಡು ನನಗೆ ತೋರಿಸಿದುದನ್ನು ನೀವೂ ಮಾಡಿ ನೋಡಬಹುದು. ಒಂದೇ ಅಳತೆಯ ನಾಲ್ಕು ಕಡ್ಡಿಗಳನ್ನು ಚೌಕವಾಗಿಟ್ಟು ನಾಲ್ಕು ಮೂಲೆಗಳನ್ನೂ ದಾರದಿಂದ ಕಟ್ಟಿ. ಒಂದು ಮೂಲೆಯನ್ನು ಹಿಡಿದು ತಳ್ಳಿದರೆ ಚೌಕವು ಓರೆಯಾಗಿ ವಾಲಿ ಕೊನೆಗೆ ಮಲಗಿಬಿಡುತ್ತದೆ. ಕಡ್ಡಿ ಮುರಿಯಲಿಲ್ಲ, ದಾರ ಹರಿಯಲಿಲ್ಲ, ಆದರೂ ಆಕಾರ ಉಳಿಯಲಿಲ್ಲ. ಇನ್ನು ಮೂರು ಕಡ್ಡಿಗಳನ್ನು ತ್ರಿಕೋನವಾಗಿ ಕಟ್ಟಿ. ಎಷ್ಟು ತಳ್ಳಿದರೂ ಅದು ಕದಲುವುದಿಲ್ಲ. ಆಕಾರ ಕೆಡಬೇಕಾದರೆ ಕಡ್ಡಿಯೇ ಮುರಿಯಬೇಕು, ಅಥವಾ ದಾರವೇ ಹರಿಯಬೇಕು. ಮೂರು ಬಾಹುಗಳ ಅಳತೆ ಗೊತ್ತಾದರೆ ತ್ರಿಕೋನ ಒಂದೇ ಬಗೆಯದು. ನಾಲ್ಕು ಬಾಹುಗಳ ಅಳತೆ ಗೊತ್ತಾದರೂ ಚತುಷ್ಕೋನ ಎಷ್ಟು ಬಗೆಯದಾದರೂ ಆಗಬಲ್ಲುದು. ಕಬ್ಬಿಣದ ರೈಲು ಸೇತುವೆಯ ಮಗ್ಗುಲುಗಳಲ್ಲಿ ತ್ರಿಕೋನದ ಸಾಲುಗಳು ಕಾಣುವುದು ಇದೇ ಕಾರಣದಿಂದ. ನನ್ನ ರ್‍ಯಾಕು ನಾಲ್ಕು ಮೂಲೆಯ ಕಡ್ಡಿಯ ಚೌಕ. ಅದನ್ನು ತ್ರಿಕೋನವಾಗಿಸುತ್ತಿದ್ದುದು ಆ ಒಂದು ಓರೆಯ ಸರಳು, ಸರಳನ್ನು ಹಿಡಿದಿದ್ದುದು ಒಂದು ಬಳೆ, ಬಳೆಯನ್ನು ಹಿಡಿದಿದ್ದುದು ಅರ್ಧ ಅಂಗುಲದ ತಿರುಪು.

ಅಷ್ಟೇ ಆಗಿದ್ದರೆ ದೊಡ್ಡ ತಿರುಪನ್ನು ಹಾಕಿಸಿ ಸುಮ್ಮನಾಗಬಹುದಾಗಿತ್ತು. ಅದಕ್ಕಿಂತ ಕೆಟ್ಟ ದೋಷ ಇನ್ನೊಂದಿತ್ತು. ಆ ರ್‍ಯಾಕು ಒಂದಿಷ್ಟು ವಾಲಿತೆಂದರೆ ಹಲಗೆಗಳ ಮೇಲಿನ ಭಾರವೆಲ್ಲ ಅದನ್ನು ಇನ್ನಷ್ಟು ವಾಲಿಸುವ ಕಡೆಗೇ ಎಳೆಯುತ್ತಿತ್ತು. ಹೆಚ್ಚು ಸಾಮಾನು ಇಟ್ಟಷ್ಟೂ ಕೊಂಡಿಯ ಮೇಲೆ ಹೆಚ್ಚು ಎಳೆತ. ಭಾರ ಒಂದು ಕಡೆ, ಬೀಗ ಇನ್ನೊಂದು ಕಡೆ. ಹಗಲೂ ರಾತ್ರಿ ಅವೆರಡಕ್ಕೂ ಹಗ್ಗಜಗ್ಗಾಟ. ಭಾರಕ್ಕೆ ಆಯಾಸವಿಲ್ಲ. ತಿರುಪಿಗೆ ಉಂಟು.

ಇದಕ್ಕೆ ಪರಿಹಾರ ನನ್ನ ಕಣ್ಣೆದುರಿಗೇ, ಮೇಜಿನ ಮೇಲೆ ಇತ್ತು: ನಾನು ದಿನವೂ ಗ್ರಂಥವನ್ನಿಟ್ಟು ಓದುವ ವ್ಯಾಸಪೀಠ. ಅದನ್ನು ನೀವು ಗಮನಿಸಿ ನೋಡಿದ್ದೀರೋ ಇಲ್ಲವೋ ಕಾಣೆ. ಒಂದೇ ಹಲಗೆಯನ್ನು ದಪ್ಪದಲ್ಲಿ ಎರಡಾಗಿ ಸೀಳಿ, ನಡುವೆ ಮಾತ್ರ ಸೀಳದೆ ಅಲ್ಲಿ ಹಲ್ಲಿನೊಳಗೆ ಹಲ್ಲು ಸೇರಿದಂತೆ ಕೊರೆದಿರುತ್ತಾರೆ. ಮೊಳೆಯಿಲ್ಲ, ಬಿಜಾಗರಿಯಿಲ್ಲ, ಮರವೇ ಕೀಲು. ತೆರೆದರೆ ಕತ್ತರಿಯಂತೆ ನಿಲ್ಲುತ್ತದೆ, ಮುಚ್ಚಿದರೆ ಮತ್ತೆ ಹಲಗೆ. ಮೇಲೆ ಗ್ರಂಥವನ್ನಿಟ್ಟಾಗ ಅದರ ಭಾರ ಎರಡು ಮಗ್ಗುಲುಗಳನ್ನೂ ಅಗಲಿಸಲು ನೋಡುತ್ತದೆ. ಅಗಲುತ್ತ ಅಗಲುತ್ತ ಒಂದು ಹಂತದಲ್ಲಿ ಕೀಲಿನ ಹೆಗಲುಗಳು ಒಂದಕ್ಕೊಂದು ತಾಗಿ ನಿಲ್ಲುತ್ತವೆ. ಅಲ್ಲಿಂದ ಮುಂದೆ ಭಾರ ಹೆಚ್ಚಿದಷ್ಟೂ ಹೆಗಲುಗಳು ಬಿಗಿಯಾಗಿ ಒತ್ತಿಕೊಳ್ಳುತ್ತವೆಯೇ ಹೊರತು ಪೀಠ ಮಲಗುವುದಿಲ್ಲ. ಇಲ್ಲಿ ಭಾರವೇ ಬೀಗ.

ಹೀಗೆ ನೋಡತೊಡಗಿದ ಮೇಲೆ ಅದೇ ಉಪಾಯ ಹಲವು ಕಡೆ ಕಣ್ಣಿಗೆ ಬಿತ್ತು. ಜಗುಲಿಯ ಮೇಲಿನ ಕ್ಯಾನ್ವಾಸಿನ ಆರಾಮಕುರ್ಚಿಯಲ್ಲಿ ಹಿಂದಿನ ಆಸರೆಯ ಕೋಲು ಕಚ್ಚುಗಳಲ್ಲಿ ಕುಳಿತಿರುತ್ತದೆ; ನಾವು ಒರಗಿದಷ್ಟೂ ಕೋಲು ಕಚ್ಚಿನ ಆಳಕ್ಕೆ ಇಳಿಯುತ್ತದೆ. ಕುರ್ಚಿ ಕುಸಿದುದನ್ನು ಕಂಡಿದ್ದೀರಾದರೆ, ಯಾರೋ ಕುಳಿತಿರುವಾಗಲೇ ಕೋಲನ್ನು ಎತ್ತಿರಬೇಕು, ಇಲ್ಲವೇ ಕಚ್ಚು ಸವೆದಿರಬೇಕು. 19ನೆಯ ಶತಮಾನದ ಕೊನೆಯ ಭಾಗದಲ್ಲಿ ಬ್ರಿಟಿಷ್ ಸೈನ್ಯದ ಅಧಿಕಾರಿಗಳು ಡೇರೆಯಿಂದ ಡೇರೆಗೆ ಹೊತ್ತೊಯ್ಯುತ್ತಿದ್ದ ರೂರ್ಕಿ ಕುರ್ಚಿಯೂ ಇದೇ ಜಾತಿಯದು. ಉತ್ತರದ ರೂರ್ಕಿಯಲ್ಲಿ ಸೈನ್ಯದ ಎಂಜಿನಿಯರುಗಳ ನೆಲೆಯಿತ್ತು. ಕುರ್ಚಿಗೆ ಆ ಊರಿನದೇ ಹೆಸರು. ಅದಕ್ಕೆ ಅಂಟಿಲ್ಲ, ಮೊಳೆ ಹೊಡೆದ ಕೂಡಿಕೆಯಿಲ್ಲ. ನಾಲ್ಕು ಕಾಲಿನ ತೂತುಗಳಲ್ಲಿ ತುದಿ ಸಪುರಾದ ಅಡ್ಡಕೋಲುಗಳನ್ನು ತುರುಕಿ, ಮೇಲೆ ಕ್ಯಾನ್ವಾಸನ್ನು ಬಿಗಿಯುವುದು. ಬರಿದೇ ಎತ್ತಿದರೆ ಗಡಗಡ ಎನ್ನುತ್ತದೆ. ಕುಳಿತೊಡನೆ ಬಟ್ಟೆ ಬಿಗಿದು ಕಾಲುಗಳನ್ನು ಒಳಕ್ಕೆ ಎಳೆಯುತ್ತದೆ, ಕೂಡಿಕೆಗಳು ಗಟ್ಟಿಯಾಗುತ್ತವೆ. ನೆಲ ತಗ್ಗುದಿಣ್ಣೆಯಾಗಿದ್ದರೂ ನಾಲ್ಕು ಕಾಲೂ ನೆಲವನ್ನು ಮುಟ್ಟುವುದು ಅದರ ಇನ್ನೊಂದು ಗುಣ. ಡೆನ್ಮಾರ್ಕಿನ ಕೋರೆ ಕ್ಲಿಂಟ್ ಎಂಬ ವಿನ್ಯಾಸಕಾರ 1933ರಲ್ಲಿ ಇದರ ಮಾದರಿಯಲ್ಲಿಯೇ ಸಫಾರಿ ಕುರ್ಚಿಯೊಂದನ್ನು ರಚಿಸಿದ.

ಹೀಗಾಗಿ ಎರಡನೆಯ ಸಲ ನಾನು ಆಚಾರಿಯ ಬಳಿಗೆ ಹೋದಾಗ ಚಿತ್ರವನ್ನು ಒಯ್ಯಲಿಲ್ಲ. ಒಂದು ಮಾತನ್ನು ಮಾತ್ರ ಒಯ್ದೆ: ಸಾಮಾನು ಇಟ್ಟಾಗ ಅದು ಮಡಚಲಾರದಂತಿರಬೇಕು, ಸಾಮಾನು ತೆಗೆದಾಗ ಮಾತ್ರ ಮಡಚಬೇಕು. ಅವನೂ ನಾನೂ ಎರಡು ಭಾನುವಾರ ಕೂತು ಮಾಡಿದುದು ಇದು. ಅಳತೆಗಳನ್ನು ಅಂಗುಲದಲ್ಲಿ ಕೊಟ್ಟಿದ್ದೇನೆ. ನಮ್ಮ ಬಡಗಿಗಳ ಕೈಗೆ ಈಗಲೂ ಅದೇ ಒಗ್ಗಿದ್ದು.

ಮೊದಲು ಬೆನ್ನಿನ ಚೌಕಟ್ಟು. 44 ಅಂಗುಲ ಎತ್ತರದ ಎರಡು ಕಂಬಗಳು. ಒಂದೊಂದೂ 1 ಅಂಗುಲ ದಪ್ಪ, 3 ಅಂಗುಲ ಅಗಲ. ಅಗಲವು ಮುಂದಿನಿಂದ ಹಿಂದಕ್ಕೆ ಬರುವಂತೆ ಅವನ್ನು ನಿಲ್ಲಿಸಬೇಕು. ಎರಡರ ನಡುವೆ 28 ಅಂಗುಲ ಅಂತರ. ಅವನ್ನು ನಾಲ್ಕು ಅಡ್ಡಪಟ್ಟಿಗಳು ಕೂಡಿಸುತ್ತವೆ: ಮೂರು ಹಲಗೆಗಳಿಗೆ ಮೂರು, ತುದಿಗೆ ಒಂದು. ಈ ಪಟ್ಟಿಗಳು 3 ಅಂಗುಲ ಅಗಲ, 1 ಅಂಗುಲ ದಪ್ಪ. ಅವುಗಳನ್ನು ಕಂಬದ ಹಿಂಬದಿಗೆ ಸಮವಾಗಿ ಕೂಡಿಸಿದರೆ ಕಂಬಗಳ ನಡುವೆ, ಪಟ್ಟಿಯ ಮುಂದೆ, 2 ಅಂಗುಲ ಆಳದ ಜಾಗ ಉಳಿಯುತ್ತದೆ. ಮಡಚಿದಾಗ ಹಲಗೆಗಳು ಅಡಗಿಕೊಳ್ಳುವುದು ಅಲ್ಲಿ. ಈ ಚೌಕಟ್ಟು ಮಡಚುವುದಿಲ್ಲ. ಇಲ್ಲಿ ಕಚ್ಚು ಕೂಡಿಸಿ ಅಂಟು ಹಾಕಬೇಕು. ಹಿಂದೆ ಮೂಲೆಯಿಂದ ಮೂಲೆಗೆ ಒಂದು ಓರೆಪಟ್ಟಿ ಹೊಡೆಯಬೇಕು, ಇಲ್ಲವೇ ತೆಳುವಾದ ಪ್ಲೈವುಡ್ಡಿನ ಹಾಳೆಯನ್ನು ಬಡಿಯಬೇಕು. ಪೊರಕೆ ಕಡ್ಡಿಯ ಪಾಠವನ್ನು ಮರೆಯಬೇಡಿ: ಎಡಬಲಕ್ಕೆ ವಾಲದಂತೆ ತಡೆಯುವ ತ್ರಿಕೋನ ಅದೊಂದೇ.

ಎರಡನೆಯದು ಮಗ್ಗುಲುಗಳು. 44 ಅಂಗುಲ ಎತ್ತರ, 9 ಅಂಗುಲ ಅಗಲ, 1 ಅಂಗುಲ ದಪ್ಪ. ಇವು ಕಂಬದ ಮುಂದಿನ ಅಂಚಿಗೆ ಅಂಚು ತಾಗಿಸಿ ಕಂಬದ ನೇರಕ್ಕೇ ಮುಂದುವರಿಯುತ್ತವೆ. ಬಿಜಾಗರಿಗಳನ್ನು, ಒಂದು ಕಡೆಗೆ ಮೂರರಂತೆ, ಒಳಮೈಗೆ ಹಾಕಬೇಕು. ಇಡೀ ರಚನೆಯ ಮರ್ಮ ಇಲ್ಲಿದೆ, ದಯವಿಟ್ಟು ನಿಧಾನವಾಗಿ ನೋಡಿ. ಬಿಜಾಗರಿ ಒಳಮೈಯಲ್ಲಿ ಇರುವುದರಿಂದ ಮಗ್ಗುಲು ಬಾಗಿಲಿನಂತೆ ಒಳಕ್ಕೆ ಮಾತ್ರ ತಿರುಗಬಲ್ಲುದು. ಹೊರಕ್ಕೆ ತಳ್ಳಿದರೆ ಕಂಬದ ಅಂಚೂ ಮಗ್ಗುಲಿನ ಅಂಚೂ ಒಂದಕ್ಕೊಂದು ಒತ್ತಿಕೊಂಡು ನಿಂತುಬಿಡುತ್ತವೆ. ವ್ಯಾಸಪೀಠದ ಹೆಗಲು ಅಂದೆನಲ್ಲ, ಇದು ಅದೇ. ಇನ್ನು ಒಳಕ್ಕೆ ತಿರುಗದಂತೆ ತಡೆಯುವುದು ಯಾವುದು? ನಡುವೆ ಹಾಸಿದ ಹಲಗೆ.

ಹಲಗೆ 27¾ ಅಂಗುಲ ಉದ್ದ, 10½ ಅಂಗುಲ ಅಗಲ, ಮುಕ್ಕಾಲು ಅಂಗುಲ ದಪ್ಪ. ಅದರ ಹಿಂದಿನ ಅಂಚನ್ನು ಅಡ್ಡಪಟ್ಟಿಯ ಮೈಗೆ ತಾಗಿಸಿ, ಮೇಲ್ಮೈಯಲ್ಲಿ ಎರಡು ಬಿಜಾಗರಿ ಹಾಕಿದರೆ ಹಲಗೆ ಮೇಲಕ್ಕೆ ಎದ್ದು ಬೆನ್ನಿಗೆ ಒರಗುತ್ತದೆ. ಕೆಳಕ್ಕೆ ಇಳಿದಾಗ ಹಿಂದೆ ಅಡ್ಡಪಟ್ಟಿಗೆ ಹೊಡೆದ ಒಂದು ಆಸರೆಕಡ್ಡಿಯ ಮೇಲೂ, ಎಡಬಲಕ್ಕೆ ಮಗ್ಗುಲುಗಳ ಒಳಮೈಗೆ ಹೊಡೆದ ಆಸರೆಕಡ್ಡಿಗಳ ಮೇಲೂ ಕೂರುತ್ತದೆ. ಈ ಕಡ್ಡಿಗಳೂ ಮುಕ್ಕಾಲು ಅಂಗುಲಕ್ಕಿಂತ ದಪ್ಪವಿರಕೂಡದು. ದಪ್ಪವಾದರೆ ಮಡಚಿದಾಗ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. ಭಾರವನ್ನು ಹೊರಬೇಕಾದವು ಇವೇ, ಬಿಜಾಗರಿಯ ತಿರುಪಲ್ಲ. ಹಲಗೆಗಳ ಮೇಲ್ಮೈ ನೆಲದಿಂದ 5, 18, 31 ಅಂಗುಲಗಳ ಎತ್ತರದಲ್ಲಿ ಬರಲಿ. ಈ 13 ಅಂಗುಲದ ಅಂತರವನ್ನು ಸುಮ್ಮನೆ ಇಟ್ಟದ್ದಲ್ಲ. ಎತ್ತಿದ 10½ ಅಂಗುಲದ ಹಲಗೆ ಮೇಲಿನ ಅಡ್ಡಪಟ್ಟಿಯ ಆಸರೆಗೆ ತಾಗದೆ ಒರಗಬೇಕು. ಕೆಳಗಿನ 5 ಅಂಗುಲ ಪೊರಕೆಗಾಗಿ.

ಈಗ ಸಾಮಾನು ಇಟ್ಟು ನೋಡಿ. ಭಾರ ಹಲಗೆಯನ್ನು ಕೆಳಕ್ಕೆ ಒತ್ತುತ್ತದೆ. ಹಲಗೆ ಕೆಳಗಿರುವವರೆಗೆ ಮಗ್ಗುಲು ಒಳಕ್ಕೆ ಬರಲಾರದು. ಹೊರಕ್ಕೆ ಮೊದಲೇ ಹೋಗಲಾರದು. ಕೊಂಡಿ ಬೇಡ, ಚಿಲಕ ಬೇಡ, ಸರಳು ಬೇಡ. ಅಕ್ಕಿಯ ಡಬ್ಬವನ್ನು ಹೊತ್ತಿರುವಾಗ ಇದನ್ನು ಮಡಚಬೇಕೆಂದರೂ ಮಡಚಲಾಗುವುದಿಲ್ಲ.

ಪಂಡಿತನ ಅಭ್ಯಾಸಬಲ, ಇದನ್ನು ಆಚಾರಿಯ ಅಂಗಡಿಯಲ್ಲಿ ನೋಡುತ್ತ ನಿಂತಾಗ ನನಗೆ ಸಂಧಿಪ್ರಕರಣ ನೆನಪಾಯಿತು. ಕಂಬಕ್ಕೂ ಅಡ್ಡಪಟ್ಟಿಗೂ ಇರುವ ಕೂಡಿಕೆ ಲೋಪಸಂಧಿ: ಒಂದರ ಮೈಯನ್ನು ಕೊರೆದು ತೆಗೆದು ಇನ್ನೊಂದನ್ನು ಕೂರಿಸಿದ್ದು, 'ಊರು' 'ಅಲ್ಲಿ' ಸೇರಿ 'ಊರಲ್ಲಿ' ಆಗುವಾಗ ಉಕಾರ ಹೋದಂತೆ. ಬಿಜಾಗರಿ ಆಗಮಸಂಧಿ: ಎರಡು ಮರಗಳೂ ಹಾಗೆಯೇ ಇವೆ, ನಡುವೆ ಮೂರನೆಯದೊಂದು ಬಂದು ಸೇರಿಸುತ್ತದೆ, 'ಮನೆಯಲ್ಲಿ' ಎಂಬಲ್ಲಿಯ ಯಕಾರದಂತೆ. ಹಲಗೆಯ ತುದಿಗೂ ಮಗ್ಗುಲಿಗೂ ಇರುವ ಸಂಬಂಧವಾದರೋ ಪ್ರಕೃತಿಭಾವ. ಅಕ್ಕಪಕ್ಕ ನಿಂತಿವೆ, ಸಂಧಿಯಾಗಿಲ್ಲ. ಮೊದಲ ರ್‍ಯಾಕಿನಲ್ಲಿ ನಾನು ಎಲ್ಲ ಕಡೆಯೂ ಆಗಮ ಮಾಡಿದ್ದೆ. ನನ್ನ ವಿದ್ಯಾರ್ಥಿಯೊಬ್ಬ ಹಾಗೆ ಮಾಡಿದ್ದರೆ ಕೆಂಪು ಶಾಯಿಯಲ್ಲಿ ಗೆರೆ ಎಳೆಯುತ್ತಿದ್ದೆ. ಈ ಹೋಲಿಕೆಯನ್ನು ಆಚಾರಿಗೆ ವಿವರಿಸಲು ಹೋದೆ. ಅವನು ಬೀಡಿ ಹಚ್ಚಿಕೊಂಡು, "ಬಿಜಾಗರಿಗೆ ಹಿತ್ತಾಳೆ ತರ್ತೀರೋ ಕಬ್ಬಿಣ ತರ್ತೀರೋ?" ಎಂದ.

ಹಿತ್ತಾಳೆಯದನ್ನೇ ತನ್ನಿ, ಅಡಿಗೆಮನೆಯ ಹಬೆಗೆ ಕಬ್ಬಿಣ ತುಕ್ಕು ಹಿಡಿದು ಗಡಸಾಗುತ್ತದೆ. ತಿರುಪುಗಳನ್ನು ಮರದ ಮೈಗೆ ಹಾಕಿ, ಹಲಗೆಯನ್ನು ಅಡ್ಡ ಕೊಯ್ದ ತುದಿಗೆ ಹಾಕಬೇಡಿ. ತುದಿಯಲ್ಲಿ ತಿರುಪು ನಾರುಗಳ ನಡುವೆ ನುಗ್ಗುತ್ತದೆ, ನಾರನ್ನು ಕಡಿದು ಹಿಡಿದುಕೊಳ್ಳುವುದಿಲ್ಲ. ಆದ್ದರಿಂದ ಅಲ್ಲಿ ಹಿಡಿತ ಕಡಿಮೆ. ನನ್ನ ಮೊದಲ ರ್‍ಯಾಕಿನ ಆ ಬಳೆಯನ್ನು ಎಲ್ಲಿಗೆ ಹಾಕಿಸಿದ್ದೆನೆಂದು ನೀವೇ ಊಹಿಸಿಕೊಳ್ಳಬಹುದು.

ಮರದ ವಿಷಯದಲ್ಲಿ ಹೇಳಬೇಕಾದುದು ಸ್ವಲ್ಪ ಉಂಟು. ಮಳೆಗಾಲದಲ್ಲಿ ಮರ ಉಬ್ಬುತ್ತದೆ ಎಂಬುದು ಬಾಗಿಲು ಹಾಕಲಾರದೆ ಒದ್ದಾಡಿದವರಿಗೆಲ್ಲ ಗೊತ್ತು. ಆದರೆ ಅದು ಎಲ್ಲ ಕಡೆಗೂ ಒಂದೇ ಸಮನೆ ಉಬ್ಬುವುದಿಲ್ಲ. ನಾರಿಗೆ ಅಡ್ಡವಾಗಿ ಉಬ್ಬುತ್ತದೆ. ನಾರಿನ ಉದ್ದಕ್ಕೆ ಬೆಳೆಯುವುದು ಲೆಕ್ಕಕ್ಕೆ ಬಾರದಷ್ಟು. ನಮ್ಮ ಹಲಗೆಯ ನಾರು ಎಡದಿಂದ ಬಲಕ್ಕೆ ಹರಿದಿರಬೇಕು. ಹಾಗಿದ್ದರೆ ಎರಡು ಮಗ್ಗುಲಿನ ನಡುವೆ ಬಿಟ್ಟ ಕಾಲು ಅಂಗುಲದ ಸಡಿಲ ಆಷಾಢದಲ್ಲಿಯೂ ಸಾಕಾಗುತ್ತದೆ. ನಾರನ್ನು ತಪ್ಪಿಸಿ ಅಡ್ಡಡ್ಡ ಹಲಗೆ ಜೋಡಿಸಿದರೆ ಮಳೆಗಾಲದಲ್ಲಿ ಹಲಗೆ ಮಗ್ಗುಲುಗಳ ನಡುವೆ ಸಿಕ್ಕಿಕೊಂಡು ಮೇಲೇಳದು. ಪ್ಲೈವುಡ್ಡಿನಲ್ಲಿ ಪದರಗಳ ನಾರು ಒಂದರ ಮೇಲೊಂದು ಅಡ್ಡವಾಗಿರುವುದರಿಂದ ಈ ತೊಂದರೆಯಿಲ್ಲ. ಆದರೆ ನೀರು ತಾಗುವ ಅಡಿಗೆಮನೆಗೆ ಅಗ್ಗದ ಪ್ಲೈವುಡ್ಡು ಬೇಡ, ಪದರ ಬಿಟ್ಟುಕೊಳ್ಳುತ್ತದೆ. ಐ.ಎಸ್. 710 ಎಂಬ ಅಚ್ಚು ಇರುವುದು ನೀರಿಗೆ ತಾಳುವ ಜಾತಿಯದು, 303 ಎಂದಿರುವುದು ಸಾಮಾನ್ಯ ಬಳಕೆಯದು. ಕೊಳ್ಳುವಾಗ ಹಾಳೆಯ ಮೇಲಿನ ಅಚ್ಚನ್ನು ಓದಿಕೊಳ್ಳಿ.

ದಪ್ಪದಲ್ಲಿ ಜಿಪುಣತನ ಮಾಡಬಾರದು. ಹಲಗೆಯ ದಪ್ಪವನ್ನು ಅರ್ಧಕ್ಕೆ ಇಳಿಸಿದರೆ ಅದೇ ಭಾರಕ್ಕೆ ಅದು ಎರಡರಷ್ಟಲ್ಲ, ಎಂಟರಷ್ಟು ಬಾಗುತ್ತದೆ. ಉದ್ದವನ್ನು ಇಮ್ಮಡಿ ಮಾಡಿದರೂ ಹಾಗೆಯೇ, ಎಂಟರಷ್ಟು. "ಇನ್ನೊಂದು ಅಡಿ ಉದ್ದ ಇರಲಿ, ಹಲಗೆ ತೆಳ್ಳಗಿದ್ದರೂ ಪರವಾಗಿಲ್ಲ" ಎಂದು ಹೇಳುವವರ ಮನೆಯ ಪುಸ್ತಕದ ಹಲಗೆಗಳು ತೊಟ್ಟಿಲಿನಂತೆ ಇಳಿಬಿದ್ದಿರುವುದಕ್ಕೆ ಇದೇ ಕಾರಣ.

ಎಲ್ಲವನ್ನೂ ತೇಗದಲ್ಲಿ ಮಾಡಿದರೆ ತೂಕ 20 ಕಿಲೋಗ್ರಾಂ ಮೀರುತ್ತದೆ. ನಾವು ಮಗ್ಗುಲುಗಳಿಗೆ ಇಡೀ ಹಲಗೆ ಹಾಕುವ ಬದಲು 2 ಅಂಗುಲದ ಪಟ್ಟಿಗಳಿಂದ ಏಣಿಯಂತೆ ಚೌಕಟ್ಟು ಕಟ್ಟಿದೆವು. ನಾಲ್ಕು ಕಿಲೋದಷ್ಟು ಇಳಿಯಿತು, ಗಾಳಿಯೂ ಆಡುತ್ತದೆ. ಆದರೆ ಆಸರೆಕಡ್ಡಿ ಬರುವ ಎತ್ತರದಲ್ಲಿಯೇ ಏಣಿಯ ಮೆಟ್ಟಿಲೂ ಬರುವಂತೆ ನೋಡಿಕೊಳ್ಳಬೇಕು.

ಮೊದಲ ಸಲ ಮಡಚಿದಾಗ ಒಂದು ಕೊರತೆ ಗೊತ್ತಾಯಿತು. ಕಂಡುಹಿಡಿದವರು ನನ್ನ ಮನೆಯವರು. ಮೂರು ಹಲಗೆಗಳನ್ನೂ ಮೇಲಕ್ಕೆ ಎತ್ತಿ ಹಿಡಿದರೆ ತಾನೆ ಮಗ್ಗುಲು ಒಳಕ್ಕೆ ಬರುವುದು? ಒಂದನ್ನು ಎತ್ತಿ ಇನ್ನೊಂದಕ್ಕೆ ಕೈ ಹಾಕುವಷ್ಟರಲ್ಲಿ ಮೊದಲನೆಯದು ಧಡ್ ಎಂದು ಕೆಳಕ್ಕೆ. "ಇದನ್ನು ಮಡಚೋಕೆ ಷಣ್ಮುಖಸ್ವಾಮಿಯೇ ಬರಬೇಕು" ಎಂದರು. ನಾನು ಗಣಿತದ ಮೇಷ್ಟರನ್ನು ಕೇಳೋಣವೆಂದುಕೊಳ್ಳುತ್ತಿರುವಾಗಲೇ ಅವರು ಹಳೆಯ ಕಿಟಕಿಯ ಬಾಗಿಲಿಗಿದ್ದ ಮರದ ತಿರುಗುಗುಂಡಿಯನ್ನು ತೋರಿಸಿದರು: ನಡುವೆ ಒಂದೇ ತಿರುಪು, ಬೆರಳಿನಿಂದ ತಿರುಗಿಸಿದರೆ ಅಡ್ಡ ನಿಲ್ಲುವ ಎರಡು ಅಂಗುಲದ ತುಂಡು. ಅಂಥದೊಂದನ್ನು ಪ್ರತಿಯೊಂದು ಹಲಗೆಗೂ ಅದರ ಮೇಲಿನ ಪಟ್ಟಿಯಲ್ಲಿ ಹಾಕಿದೆವು. ಹಲಗೆಯನ್ನು ಎತ್ತು, ಗುಂಡಿ ತಿರುಗಿಸು, ಮುಂದಿನದಕ್ಕೆ ಹೋಗು. ಆಮೇಲೆ ಎರಡು ಮಗ್ಗುಲುಗಳನ್ನು ಕದ ಹಾಕಿದಂತೆ ಒಳಕ್ಕೆ ತಂದು ಒಂದು ಹುರಿಯಿಂದ ಸುತ್ತಿದರೆ ಮುಗಿಯಿತು. ಒಟ್ಟು ದಪ್ಪ 4 ಅಂಗುಲ, ಬಿಜಾಗರಿಯ ಗಂಟು ಸೇರಿದರೆ ಕೂದಲೆಳೆಯಷ್ಟು ಹೆಚ್ಚು. ಮಂಚದ ಕೆಳಗೆ ಹೋಗುತ್ತದೆ, ಬಾಗಿಲ ಹಿಂದೆ ನಿಲ್ಲುತ್ತದೆ. ತೆರೆಯುವಾಗಲೂ ಮಡಚುವಾಗಲೂ ಕಂಬ ಮಗ್ಗುಲುಗಳು ಸೇರುವ ಸಂದಿಗೆ ಬೆರಳು ಕೊಡಬೇಡಿ, ಮಕ್ಕಳನ್ನು ದೂರವಿಡಿ.

ತುಂಬುವುದರಲ್ಲಿಯೂ ಕ್ರಮವಿದೆ. ಅಕ್ಕಿ ಬೇಳೆ, ಹಿತ್ತಾಳೆಯ ಕೊಳಗ, ಎಣ್ಣೆಯ ಕ್ಯಾನು ಕೆಳಗೆ. ಐದು ಲೀಟರು ಎಣ್ಣೆ ನಾಲ್ಕೂವರೆ ಕಿಲೋಗ್ರಾಮಿಗೆ ಮೇಲೆಯೇ ತೂಗುತ್ತದೆ. ಅದನ್ನು ಮೂರನೆಯ ಹಲಗೆಗೆ ಏರಿಸಿದರೆ ರ್‍ಯಾಕಿನ ತಲೆ ಭಾರವಾಗುತ್ತದೆ. ಪುಡಿಯ ಡಬ್ಬಗಳು, ಖಾಲಿ ಪ್ಲಾಸ್ಟಿಕ್ ಪೆಟ್ಟಿಗೆಗಳು, ಹಪ್ಪಳ ಸಂಡಿಗೆ ಮೇಲಿರಲಿ. ಎತ್ತರ 44 ಅಂಗುಲಕ್ಕೆ ಕಾಲಿನ ಹರವು 12 ಅಂಗುಲ ಮಾತ್ರ. ನೆಟ್ಟಗೆ ನಿಂತಿರುವಾಗ ಭಯವಿಲ್ಲ. ಒಂದು ಮಗು ಮೇಲಿನ ಹಲಗೆಯ ಅಂಚನ್ನು ಹಿಡಿದು ಜೋಲಿದರೆ ಆಗ ಇಡೀ ರ್‍ಯಾಕು ಮುಂದಕ್ಕೆ ಬರಬಹುದು. ಮಡಚದಂತೆ ತಡೆಯುವ ಬೀಗ ಬೇರೆ, ಮಗುಚದಂತೆ ತಡೆಯುವ ಕಟ್ಟು ಬೇರೆ. ಗೋಡೆಗೆ ಮೊಳೆ ಹೊಡೆಯುವಂತಿಲ್ಲವಾದ್ದರಿಂದ ಇದನ್ನು ಕಿಟಕಿಯ ಪಕ್ಕದಲ್ಲಿ ನಿಲ್ಲಿಸಿ ಮೇಲಿನ ಅಡ್ಡಪಟ್ಟಿಯನ್ನು ಕಿಟಕಿಯ ಸರಳಿಗೆ ಗಟ್ಟಿ ಹುರಿಯಿಂದ ಕಟ್ಟಿದ್ದೇನೆ. ಮನೆಯಲ್ಲಿ ಮಕ್ಕಳಿರುವವರು ಇದನ್ನು ಬಿಡಕೂಡದು. ಜಾಗ ಬದಲಿಸಬೇಕಾದಾಗ ಕಂಬಗಳನ್ನು ಹಿಡಿದು ಎತ್ತಿ. ಹಲಗೆಯನ್ನು ಹಿಡಿದು ಎತ್ತಿದರೆ ಅದು ತನ್ನ ಸ್ವಭಾವದಂತೆ ಮೇಲಕ್ಕೇ ಬರುತ್ತದೆ. ನಾಲ್ಕು ಕಾಲಿಗೂ ರಬ್ಬರಿನ ತುಂಡು ಹಾಕಿದರೆ ನೆಲ ತೊಳೆದ ನೀರು ಮರಕ್ಕೆ ಏರುವುದಿಲ್ಲ.

ಆ ರ್‍ಯಾಕು ತಿಪಟೂರಿನಿಂದ ಹೊಸದುರ್ಗಕ್ಕೆ, ಅಲ್ಲಿಂದ ಅರಸೀಕೆರೆಗೆ ಬಂದಿದೆ. ಮೂರು ಮನೆಗಳಲ್ಲಿಯೂ ಲಾರಿಯಿಂದ ಮೊದಲು ಇಳಿದು ಮೊದಲು ನಿಂತುದು ಅದೇ. ಅಕ್ಕಿಯ ಡಬ್ಬವನ್ನು ಅದರ ಮೇಲಿಟ್ಟಮೇಲೆ ಉಳಿದ ಗಂಟುಗಳನ್ನು ಬಿಚ್ಚುವುದು ನಮ್ಮ ಮನೆಯ ಪದ್ಧತಿಯಾಗಿದೆ. ಎರಡು ತಿರುಪುಗಳನ್ನು ಬದಲಿಸಿದ್ದುಂಟು, ಒಂದು ಗುಂಡಿ ಸವೆದಿದೆ. ಭರಣಿಯೊಂದನ್ನು ಹೊಸದಾಗಿ ಕೊಂಡು ತಾಯಿಗೆ ಕೊಟ್ಟಿದ್ದೇನೆ. ಕೆಳಗಿನ ಹಲಗೆಯಲ್ಲಿ ಅದಕ್ಕೆಂದೇ ಜಾಗ ಬಿಟ್ಟಿದ್ದೇವೆ, ಹಲಗೆಯ ಮೇಲೆ ನಾನೇ ಹತ್ತಿ ನಿಂತು ತೋರಿಸಿಯೂ ಆಗಿದೆ. ಅವರು ನೋಡಿ, ಆಗಲಪ್ಪ ಎಂದು, ಭರಣಿಯನ್ನು ಒಂದು ಸಿಂಬಿಯ ಮೇಲೆ ನೆಲದಲ್ಲಿಯೇ ಇಟ್ಟುಕೊಂಡಿದ್ದಾರೆ.